ಗಿಟಾರ್ ಮೇಲಿನ ಹೆಸರು, ಗಿಟಾರ್ ಒಳಗಿನ ಕೆಲಸ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಗ್ನೇಚರ್ ಗಿಟಾರ್ ಬಗ್ಗೆಯೇ ಇವೆ. ದೊಡ್ಡ ವಾದಕರೊಬ್ಬರ ಹೆಸರಿಟ್ಟು, ಅವರು ಹೇಳಿದ ಹಾಗೆ ಕಂಪನಿ ಮಾಡಿ ಮಾರುವ ಗಿಟಾರ್ ಇದು. ಆ ವಾದಕರು ನಾಳೆ ಬೇರೆ ಕಂಪನಿಗೆ ಹೋದರೆ ಅಭಿಮಾನಿಗಳಿಗೆ ತಳಮಳ. ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳನ್ನೇ ಈ ಸಲ ಆರಿಸಿಕೊಂಡಿದ್ದೇನೆ.

ಪ್ರಶ್ನೆ (ಗೋಣಿಕೊಪ್ಪ): ನಾನು ಅಮೆರಿಕದ ಗಿಟಾರ್ ವಾದಕ ಜಾನ್ ಮೇಯರ್ ಅಭಿಮಾನಿ. ಅವರನ್ನು ನೋಡಿಯೇ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಗಿಟಾರ್ ತಗೊಂಡೆ. ಈಗ ಅವರು ಪಿಆರ್‌ಎಸ್ ಕಂಪನಿ ಗಿಟಾರ್ ನುಡಿಸ್ತಾರೆ, ಅದೂ ನೋಡೋಕೆ ಸ್ಟ್ರಾಟ್ ತರಾನೇ ಇದೆ. ದುಡ್ಡಿಗೋಸ್ಕರ ಅಭಿಮಾನಿಗಳಿಗೆ ಮಾಡಿದ ಮೋಸ ಅಲ್ವಾ ಸರ್?

ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೇಯರ್ ಹೆಸರಿನ ಫೆಂಡರ್ ಸ್ಟ್ರಾಟ್ ಬಂದದ್ದು 2005ರಲ್ಲಿ. 2014ರಲ್ಲಿ ಅವರು ಫೆಂಡರ್ ಬಿಟ್ಟರು. ಆಮೇಲೆ ಪಿಆರ್‌ಎಸ್ ಜೊತೆ ಸೇರಿ 2016ರಲ್ಲಿ ಸೂಪರ್ ಈಗಲ್, 2017ರಲ್ಲಿ ಜೆ-ಮಾಡ್ ಅನ್ನುವ ಆಂಪ್ (ಗಿಟಾರ್ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ), 2018ರಲ್ಲಿ ಸಿಲ್ವರ್ ಸ್ಕೈ ಗಿಟಾರ್ ಹೊರಗೆ ತಂದರು. ನೀವು ಹೇಳುತ್ತಿರುವುದು ಈ ಕೊನೆಯದರ ಬಗ್ಗೆ. 1963 ಮತ್ತು 1964ರ ಹಳೆಯ ಸ್ಟ್ರಾಟ್‌ಗಳನ್ನು ಮುಂದಿಟ್ಟುಕೊಂಡೇ ಅದನ್ನು ಮಾಡಿದ್ದು, ಅದನ್ನು ಯಾರೂ ಬಚ್ಚಿಟ್ಟಿಲ್ಲ. ಸ್ಟ್ರಾಟ್ ಬಾಡಿಯ ಆಕಾರ ತನ್ನ ಟ್ರೇಡ್‌ಮಾರ್ಕ್ ಆಗಬೇಕು ಅಂತ ಫೆಂಡರ್ ಅಮೆರಿಕದಲ್ಲಿ ಕೇಳಿತ್ತು, ಆದರೆ 2009ರಲ್ಲಿ ಅಲ್ಲಿನ ಟ್ರೇಡ್‌ಮಾರ್ಕ್ ಮಂಡಳಿ ಆಗಲ್ಲ ಅಂದುಬಿಟ್ಟಿತು, ಅಷ್ಟು ವರ್ಷಗಳಿಂದ ಎಲ್ಲರೂ ಅದೇ ಆಕಾರ ಮಾಡುತ್ತಿದ್ದಾರೆ, ಇನ್ನು ಅದು ಒಬ್ಬರದ್ದೇ ಅನ್ನೋಕಾಗಲ್ಲ ಅಂತ. ಹೆಡ್‌ಸ್ಟಾಕ್ (ತಂತಿ ಬಿಗಿಸುವ ತಿರುಪುಗಳಿರುವ ತಲೆಭಾಗ) ಕಥೆ ಬೇರೆ, ಅದು ಆಯಾ ಕಂಪನಿಯ ಮುಖ. ಅದಕ್ಕೇ ಸಿಲ್ವರ್ ಸ್ಕೈನ ತಲೆ ನೋಡಿ. ಪಿಆರ್‌ಎಸ್‌ನ ಮಾಮೂಲಿ ಹೆಡ್‌ಸ್ಟಾಕನ್ನೇ ತಿರುಗಿಸಿ ಹಾಕಿದ್ದಾರೆ.

ಒಂದು ಮಾತು ಒಪ್ಪುತ್ತೇನೆ. ಎಂಡಾರ್ಸ್‌ಮೆಂಟ್ (ವಾದಕರು ಕಂಪನಿಯ ವಾದ್ಯಕ್ಕೆ ತಮ್ಮ ಹೆಸರು ಕೊಟ್ಟು ಪ್ರಚಾರ ಮಾಡುವ ಒಪ್ಪಂದ) ಅಂದಮೇಲೆ ದುಡ್ಡು ಇದ್ದೇ ಇರುತ್ತದೆ. ಸಚಿನ್ ಬ್ಯಾಟಿನ ಮೇಲೆ ಎಂಆರ್‌ಎಫ್ ಸ್ಟಿಕ್ಕರ್ ಇತ್ತು, ಅದು ಟೈರ್ ಕಂಪನಿ. ಆ ಸ್ಟಿಕ್ಕರ್‌ನಿಂದ ಚೆಂಡು ಬೌಂಡರಿಗೆ ಹೋಗಲಿಲ್ಲ, ಎಲ್ಲರಿಗೂ ಗೊತ್ತು. ಗಿಟಾರ್‌ನಲ್ಲೂ ಬರೀ ಸ್ಟಿಕ್ಕರ್ ಮಟ್ಟದ ಸಿಗ್ನೇಚರ್ ಮಾಡೆಲ್‌ಗಳಿವೆ: ಬಣ್ಣ ಬೇರೆ, ಹಿಂದೆ ಒಂದು ಸಹಿ, ಮುಗಿಯಿತು. ಆದರೆ ಒಳ್ಳೆಯ ಸಿಗ್ನೇಚರ್ ಮಾಡೆಲ್‌ನಲ್ಲಿ ವಾದಕರ ಕೈ ಕೇಳಿದ ಬದಲಾವಣೆ ಮರದಲ್ಲೇ ಇರುತ್ತದೆ, ಬೆರಳಾಡಿಸುವ ನೆಕ್ಕಿನ ದಪ್ಪದಲ್ಲಿ ಇರುತ್ತದೆ, ತಂತಿಯ ಕಂಪನ ಹಿಡಿಯುವ ಪಿಕಪ್ ಒಳಗಿನ ತಂತಿ ಸುತ್ತಿನಲ್ಲಿ ಇರುತ್ತದೆ. ನಾನು ಮೊದಲು ನೋಡುವುದು ಅದನ್ನೇ.

ನಿಮ್ಮ ಸ್ಟ್ರಾಟ್‌ಗೆ ಏನೂ ಆಗಿಲ್ಲ. ಮೊನ್ನೆ ಎಷ್ಟು ಚೆನ್ನಾಗಿ ನುಡಿಯುತ್ತಿತ್ತೋ ಇವತ್ತೂ ಅಷ್ಟೇ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ನುಡಿಸಿ.

ಪ್ರಶ್ನೆ (ಸೋಮವಾರಪೇಟೆ): ವಾದಕರು ಕಂಪನಿ ಬಿಟ್ಟು ಹೋದರೆ ಅವರ ಹೆಸರಿನ ಗಿಟಾರ್ ಕಥೆ ಏನು? ತಯಾರಿಕೆ ನಿಂತುಹೋಗುತ್ತದಾ? ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಸಿಗ್ನೇಚರ್ ಮಾಡೆಲ್ ನೋಡಿಟ್ಟಿದ್ದೇನೆ, ಅದಕ್ಕೆ ಕೇಳ್ತಾ ಇದ್ದೇನೆ.

ಬಹಳ ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಒಪ್ಪಂದದಲ್ಲಿ ಎರಡು ಸ್ವತ್ತು ಇರುತ್ತವೆ. ಹೆಸರು ವಾದಕರದ್ದು. ಗಿಟಾರ್‌ನ ವಿನ್ಯಾಸ, ಅಚ್ಚು, ಯಂತ್ರ ಹೆಚ್ಚಾಗಿ ಕಂಪನಿಯದ್ದು. ಬೇರೆಯಾದಾಗ ಹೆಸರು ಎದ್ದು ಹೋಗುತ್ತದೆ, ಗಿಟಾರ್ ಅಲ್ಲೇ ಉಳಿಯುತ್ತದೆ.

ಅಮೆರಿಕದ ರಾಕ್ ವಾದಕ ಎಡ್ಡಿ ವ್ಯಾನ್ ಹೇಲನ್ ಕಥೆಯಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವುದು ಬೇರೆ ಇಲ್ಲ. ಶುರುವಿನಲ್ಲಿ ಅವರದ್ದು ಸ್ವಂತ ಕೈಯಲ್ಲಿ ಜೋಡಿಸಿದ ಗಿಟಾರ್, ಬಾಡಿ ಒಂದು ಕಡೆಯದ್ದು, ಪಿಕಪ್ ಹಳೆಯ ಗಿಬ್ಸನ್‌ನಿಂದ ಕಿತ್ತದ್ದು. ಎಂಬತ್ತರ ದಶಕದಲ್ಲಿ ಕ್ರೇಮರ್ ಕಂಪನಿಯ ಗಿಟಾರ್ ಹಿಡಿದರು. 1991ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿ ಅವರ ಹೆಸರಲ್ಲಿ ಗಿಟಾರ್ ತಂದಿತು. ಅಲ್ಲಿಂದ ಪೀವಿ ಕಂಪನಿಗೆ ಹೋಗಿ ಅವರು ತಂದ ಗಿಟಾರ್ 1996ರಲ್ಲಿ ವೋಲ್ಫ್‌ಗ್ಯಾಂಗ್, ಮಗನ ಹೆಸರು ಅದು. ಪೀವಿಯನ್ನೂ 2004ರಲ್ಲಿ ಬಿಟ್ಟು ಫೆಂಡರ್ ಜೊತೆ ಸೇರಿ ಇವಿಎಚ್ ಅನ್ನುವ ತಮ್ಮದೇ ಬ್ರ್ಯಾಂಡ್ ಕಟ್ಟಿದರು.

ಈಗ ಹಿಂದೆ ಉಳಿದ ಸಾಮಾನು ನೋಡಿ. ಮ್ಯೂಸಿಕ್ ಮ್ಯಾನ್ ಆ ಗಿಟಾರನ್ನು ಬಿಸಾಡಲಿಲ್ಲ, ಆಕ್ಸಿಸ್ ಅಂತ ಹೆಸರಿಟ್ಟು ಮಾರುತ್ತಾ ಹೋಯಿತು. ಪೀವಿಯಲ್ಲಿ ಅವರಿಗಾಗಿ ಮಾಡಿದ 5150 ಅನ್ನುವ ಆಂಪ್ ಇತ್ತು, 1992ರಲ್ಲಿ ಬಂದದ್ದು, ಮೆಟಲ್ ನುಡಿಸುವವರಿಗೆ ಪ್ರಾಣ. 5150 ಅನ್ನುವ ಹೆಸರು ಎಡ್ಡಿಯದ್ದು, ಆದ್ದರಿಂದ ಅದು ಅವರ ಜೊತೆ ಹೋಯಿತು. ಪೀವಿ ಅದೇ ಆಂಪಿಗೆ 6505 ಅಂತ ಹೊಸ ನಂಬರ್ ಹಾಕಿತು. ಕಂಪನಿ ಹುಟ್ಟಿ 40 ವರ್ಷ, 1965ರಿಂದ 2005, ಅದರಿಂದ ಬಂದ ನಂಬರ್ ಅದು. ಇವತ್ತಿಗೂ 6505 ಕೇಳಿ ತಗೊಳ್ಳುವ ಹುಡುಗರಿಗೆ ಅದು ಯಾರಿಗಾಗಿ ಹುಟ್ಟಿದ ಆಂಪ್ ಅನ್ನುವುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಸದ್ದು ಮಾತ್ರ ಬೇಕು ಅವರಿಗೆ. ಸರಿಯಾದದ್ದೇ.

ಇದು ಹೊಸ ವಿಷಯವೂ ಅಲ್ಲ. 1952ರಲ್ಲಿ ಗಿಬ್ಸನ್ ಲೆಸ್ ಪಾಲ್ ಅನ್ನುವ ವಾದಕರ ಹೆಸರಲ್ಲಿ ಗಿಟಾರ್ ತಂದಿತು. 1961ರಲ್ಲಿ ಹೆಸರು ಅದೇ ಇಟ್ಟುಕೊಂಡು ಬಾಡಿಯನ್ನು ಪೂರ್ತಿ ಬದಲಾಯಿಸಿತು, ತೆಳ್ಳಗೆ, ಎರಡು ಚೂಪು ಕೊಂಬು. ಲೆಸ್ ಪಾಲ್‌ಗೆ ಅದು ಹಿಡಿಸಲಿಲ್ಲ, ಒಪ್ಪಂದವೂ ಮುಗಿಯಿತು, 1963ರ ಹೊತ್ತಿಗೆ ಅವರ ಹೆಸರು ಹೋಗಿ ಅದು ಎಸ್‌ಜಿ ಆಯಿತು. ಆ ಎಸ್‌ಜಿ ಇವತ್ತಿಗೂ ಮಾರಾಟದಲ್ಲಿದೆ. ಅಷ್ಟರಲ್ಲಿ ಎರಿಕ್ ಕ್ಲಾಪ್ಟನ್‌ರಂಥ ಬ್ರಿಟಿಷ್ ವಾದಕರು ಹಳೆಯ ದಪ್ಪ ಲೆಸ್ ಪಾಲ್ ಹಿಡಿದು ಎಲ್ಲರ ಕಿವಿ ನಿಮಿರಿಸಿದ್ದರು. ಗಿಬ್ಸನ್ 1968ರಲ್ಲಿ ಅದನ್ನು ಮತ್ತೆ ತರಬೇಕಾಯಿತು.

ಹಾಗಾಗಿ ನೀವು ನೋಡಿಟ್ಟ ಗಿಟಾರ್ ವಿಷಯಕ್ಕೆ ಬರೋಣ. ಹೆಸರು ಹೋದ ಮಾಡೆಲ್ ಅಂತ ಹೆದರಬೇಕಾಗಿಲ್ಲ. ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಸವೆದಿದೆಯಾ ನೋಡಿ, ಒಂದನೇ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ತಂತಿ ಒತ್ತಿ ನಡುವೆ ಎಷ್ಟು ಸಂದಿ ಇದೆ ನೋಡಿ, ನೆಕ್ ಬಾಗಿದೆಯಾ ಅಂತ ಅದರಲ್ಲೇ ಗೊತ್ತಾಗುತ್ತದೆ. ಒಂದೇ ಎಚ್ಚರಿಕೆ: ಆ ಮಾಡೆಲ್‌ಗೆ ಅಂತಲೇ ಮಾಡಿದ ವಿಶೇಷ ಸರ್ಕ್ಯೂಟ್ ಅಥವಾ ವಾಮಿ ಬಾರ್ (ಸ್ವರ ಬಗ್ಗಿಸುವ ಕೈಪಿಡಿ) ಇದ್ದರೆ ಅದರ ಬಿಡಿಭಾಗ ಇನ್ನೂ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಮೈಸೂರಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬರುವ ಹಾಗೆ ಆಗಬಾರದು.

ಪ್ರಶ್ನೆ (ಮಡಿಕೇರಿ): ಒಬ್ಬರದ್ದೇ ಹೆಸರಿನ ಗಿಟಾರ್ ಒಂದು ಲಕ್ಷಕ್ಕೂ ಇರುತ್ತದೆ, ಮೂರು ಪಟ್ಟಿಗೂ ಇರುತ್ತದೆ. ವ್ಯತ್ಯಾಸ ಏನು?

ಮೇಲೆ ಹೇಳಿದ ಸಿಲ್ವರ್ ಸ್ಕೈಯನ್ನೇ ತಗೊಳ್ಳಿ. ದುಬಾರಿಯದ್ದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಆಗುತ್ತದೆ. 2022ರಲ್ಲಿ ಬಂದ ಎಸ್‌ಇ ಅನ್ನುವ ಅಗ್ಗದ ರೂಪ ಇಂಡೋನೇಷ್ಯಾದಲ್ಲಿ. ದುಬಾರಿಯದರ ಬಾಡಿ ಆಲ್ಡರ್ ಮರ, ಎಸ್‌ಇ ಬಾಡಿ ಪಾಪ್ಲರ್. ಇನ್ನೊಂದು ವ್ಯತ್ಯಾಸ ಕೈಗೆ ಗೊತ್ತಾಗುವಂಥದ್ದು. ಫಿಂಗರ್‌ಬೋರ್ಡ್ ಸಪಾಟಾಗಿ ಇರುವುದಿಲ್ಲ, ಅಡ್ಡಕ್ಕೆ ಸ್ವಲ್ಪ ಉಬ್ಬಿರುತ್ತದೆ. ದುಬಾರಿಯದರಲ್ಲಿ ಆ ಉಬ್ಬು 7.25 ಇಂಚಿನ ವೃತ್ತದ ಲೆಕ್ಕ, ಹಳೆಯ ಸ್ಟ್ರಾಟ್ ಹಾಗೆ. ಎಸ್‌ಇಯಲ್ಲಿ 8.5, ಅಂದರೆ ಸ್ವಲ್ಪ ಸಪಾಟು. ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತಿ ಬಾರ್ ಕಾರ್ಡ್ ಹಿಡಿಯುವಾಗ ಜಾಸ್ತಿ ಉಬ್ಬಿದ್ದು ಬೆರಳಿಗೆ ಹಿತ. ತಂತಿ ಎಳೆದು ಬೆಂಡ್ ಮಾಡುವವರಿಗೆ ಸಪಾಟಾದದ್ದೇ ಒಳ್ಳೆಯದು, ಇಲ್ಲದಿದ್ದರೆ ಮೇಲಿನ ಫ್ರೆಟ್‌ಗಳಲ್ಲಿ ಎಳೆದಾಗ ಸ್ವರ ಕಟ್ ಆಗುವ ಅಪಾಯ ಇದೆ. ನನ್ನ ಪ್ರಕಾರ ಕಲಿಯುವವರಿಗೆ ಎಸ್‌ಇ ಬೇಕಾದಷ್ಟಾಯಿತು.

ಅಗ್ಗದ ರೂಪಕ್ಕೆ ಸಹಿ ಕೂಡ ಬೇಕಾಗಿಲ್ಲ ಅನ್ನುವುದಕ್ಕೆ ಐಬನೆಜ್ ಕಂಪನಿ ಸಾಕ್ಷಿ. 1987ರಲ್ಲಿ ರಾಕ್ ವಾದಕ ಸ್ಟೀವ್ ವಾಯ್‌ಗಾಗಿ ಜೆಮ್ ಅನ್ನುವ ಗಿಟಾರ್ ಮಾಡಿದರು: 24 ಫ್ರೆಟ್, ತೆಳು ನೆಕ್, ಬಾಡಿಯಲ್ಲೇ ಕೈ ತೂರಿಸಿ ಎತ್ತಿ ಹಿಡಿಯುವಂಥ ಒಂದು ತೂತು. ಅದೇ ವಿನ್ಯಾಸದಿಂದ ಆ ತೂತು, ಅಲಂಕಾರ ಎಲ್ಲ ತೆಗೆದು ಆರ್‌ಜಿ ಅನ್ನುವ ಸರಣಿ ತಂದರು. ಕೊಡಗಿನ ಎಷ್ಟೋ ಕಾಲೇಜು ಹುಡುಗರ ಮನೆಯಲ್ಲಿ ಇವತ್ತು ಇರುವುದು ಆರ್‌ಜಿಯೇ. ವಾಯ್ ಕೇಳಿದ್ದು ಅವರ ಕೈಗೂ ಬಂದು ತಲುಪಿತು. ನನಗೆ ಇದು ತುಂಬಾ ಇಷ್ಟವಾದ ವಿಷಯ. ಅಂದ ಹಾಗೆ ವಾಯ್ ಇಷ್ಟು ವರ್ಷವಾದರೂ ಐಬನೆಜ್ ಬಿಟ್ಟಿಲ್ಲ.

ಪ್ರಶ್ನೆ (ಕುಶಾಲನಗರ): ಹೆಣ್ಣುಮಕ್ಕಳ ಹೆಸರಲ್ಲಿ ಸಿಗ್ನೇಚರ್ ಗಿಟಾರ್ ಇಲ್ಲವೇ ಮೇಡಂ/ಸರ್? ಮಗಳು ಕೇಳುತ್ತಾಳೆ, ಅಂಗಡಿಯಲ್ಲಿ ಬರೀ ಗಂಡಸರ ಹೆಸರು.

ಇವೆ ಅಂತ ಹೇಳಿ ಮಗಳಿಗೆ. ಗಾಯಕಿ, ವಾದಕಿ ಬಾನಿ ರೇಟ್ ಹೆಸರಿನ ಫೆಂಡರ್ ಸ್ಟ್ರಾಟ್ ತೊಂಬತ್ತರ ದಶಕದಲ್ಲೇ ಬಂತು. ನೀಟಾ ಸ್ಟ್ರಾಸ್‌ಗೆ ಐಬನೆಜ್ ಜೀವಾ ಅನ್ನುವ ಗಿಟಾರ್ ಮಾಡಿಕೊಟ್ಟಿತು. ಇವೆಲ್ಲಕ್ಕಿಂತ ನಾನು ತೋರಿಸುವುದು ಸೇಂಟ್ ವಿನ್ಸೆಂಟ್ ಅನ್ನುವ ಹೆಸರಿನ ಗಾಯಕಿ, ವಾದಕಿ 2016ರಲ್ಲಿ ಮ್ಯೂಸಿಕ್ ಮ್ಯಾನ್ ಜೊತೆ ಮಾಡಿದ ಗಿಟಾರ್. ಇದ್ದ ಮಾಡೆಲ್‌ಗೆ ಬಣ್ಣ ಬಳಿದದ್ದಲ್ಲ ಅದು, ಆಕಾರವನ್ನೇ ಹೊಸದಾಗಿ ಬಿಡಿಸಿದ್ದು. ನಡು ಸಣ್ಣ, ತೂಕ ಕಡಿಮೆ. ಹೆಂಗಸರ ಮೈಗೆ ಒತ್ತದ ಹಾಗೆ, ಹೊತ್ತುಕೊಂಡು ನಿಂತರೆ ಭುಜ ನೋಯದ ಹಾಗೆ ಬೇಕು ಅಂತ ಕೇಳಿ ಮಾಡಿಸಿದ್ದು. ಗಂಡಸರೂ ಅದನ್ನು ಕೊಂಡು ನುಡಿಸುತ್ತಾರೆ. ಮಗಳಿಗೆ ಅಂಗಡಿಯಲ್ಲಿ ಕೂತು ಮಾತ್ರ ಅಲ್ಲ, ಭುಜಕ್ಕೆ ಪಟ್ಟಿ ಹಾಕಿ ನಿಂತು ನುಡಿಸಿ ನೋಡೋಕೆ ಹೇಳಿ.

ಪ್ರಶ್ನೆ (ಸುಂಟಿಕೊಪ್ಪ): ನಾನು ವೀಣೆ ಕಲಿತವಳು, ಈಗ ಗಿಟಾರ್ ಕಲಿಯುತ್ತಿದ್ದೇನೆ. ಗಮಕ ಸರಿ ಬರುವುದಿಲ್ಲ. ಯಿಂಗ್ವಿ ಮಾಲ್ಮ್‌ಸ್ಟೀನ್ ಸಿಗ್ನೇಚರ್ ಗಿಟಾರ್‌ನಲ್ಲಿ ಫ್ರೆಟ್ ನಡುವೆ ಮರ ಕೆತ್ತಿರುತ್ತಾರಂತೆ. ಅದು ನನಗೆ ಆಗಬಹುದೇ?

ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ನಿಂತಿರುತ್ತವೆ, ಬೆರಳು ಕೆಳಗೆ ಎಲ್ಲೂ ತಾಗುವುದಿಲ್ಲ, ತಂತಿ ಮಾತ್ರ ಬೆರಳಿನ ಹಿಡಿತದಲ್ಲಿ ಇರುತ್ತದೆ. ಆದ್ದರಿಂದಲೇ ಒಂದೇ ಮೆಟ್ಟಿಲಲ್ಲಿ ತಂತಿ ಎಳೆದು ಎರಡು ಮೂರು ಸ್ವರ ತೆಗೆಯಬಹುದು. ಮಾಮೂಲಿ ಗಿಟಾರ್‌ನಲ್ಲಿ ಬೆರಳ ತುದಿ ಮರಕ್ಕೆ ಉಜ್ಜುತ್ತದೆ. 1988ರಲ್ಲಿ ಫೆಂಡರ್ ತಂದ ಮಾಲ್ಮ್‌ಸ್ಟೀನ್ ಸ್ಟ್ರಾಟ್‌ನಲ್ಲಿ ಆ ಮರವನ್ನು ಫ್ರೆಟ್ಟಿಂದ ಫ್ರೆಟ್ಟಿಗೆ ಬೋಗುಣಿ ಹಾಗೆ ಕೆತ್ತಿರುತ್ತಾರೆ, ಹಗುರವಾಗಿ ಮುಟ್ಟಿದರೂ ಸ್ವರ ಬಗ್ಗುತ್ತದೆ. ಜಾನ್ ಮೆಕ್ಲಾಫ್ಲಿನ್ ಕೂಡ ಎಪ್ಪತ್ತರ ದಶಕದಲ್ಲಿ ಶಕ್ತಿ ತಂಡದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ಕೂತಾಗ ಇಂಥದ್ದೇ ಕೆತ್ತಿದ ಫಿಂಗರ್‌ಬೋರ್ಡ್, ಜೊತೆಗೆ ಶ್ರುತಿ ತಂತಿಗಳು ಇದ್ದ ಗಿಟಾರ್ ಮಾಡಿಸಿಕೊಂಡಿದ್ದರು.

ಆದರೆ ಜೋರಾಗಿ ಒತ್ತುವ ಅಭ್ಯಾಸ ಇದ್ದರೆ ಪ್ರತಿ ಕಾರ್ಡೂ ಅಪಸ್ವರ ಆಗುತ್ತದೆ, ಯಾಕೆಂದರೆ ಬೆರಳನ್ನು ತಡೆಯಲು ಮರ ಇಲ್ಲ. ಮೊದಲು ಈಗಿರುವ ಗಿಟಾರ್‌ಗೇ 0.009 ಇಂಚಿನ ತೆಳು ತಂತಿ ಹಾಕಿ, ಎತ್ತರದ ಜಂಬೋ ಫ್ರೆಟ್ ಇರುವ ಗಿಟಾರ್ ಸಿಕ್ಕಿದರೆ ಒಮ್ಮೆ ನುಡಿಸಿ ನೋಡಿ. ಗಿಟಾರ್ ವಾದಕ ಆರ್. ಪ್ರಸನ್ನ ಅವರ ಕರ್ನಾಟಕ ಸಂಗೀತದ ಕಛೇರಿ ಕೇಳಿ, ಗಿಟಾರ್‌ನಲ್ಲಿ ಗಮಕ ಎಲ್ಲಿಯವರೆಗೆ ಹೋಗುತ್ತದೆ ಗೊತ್ತಾಗುತ್ತದೆ. ಇರುವ ಗಿಟಾರನ್ನು ಬಡಗಿಗೆ ಕೊಟ್ಟು ಕೆತ್ತಿಸಲು ಮಾತ್ರ ಹೋಗಬೇಡಿ. ಕೆತ್ತಿದ ಮರ ಮತ್ತೆ ಬರುವುದಿಲ್ಲ.

ಪ್ರಶ್ನೆ (ನಾಪೋಕ್ಲು): ನಾನು ರೆಸಾರ್ಟ್‌ಗಳಲ್ಲಿ ವಾರಾಂತ್ಯ ನುಡಿಸುತ್ತೇನೆ, ಮಡಿಕೇರಿ ದಸರಾದಲ್ಲಿ ಗಾಂಧಿ ಮೈದಾನದ ವೇದಿಕೆಯಲ್ಲೂ ನುಡಿಸಿದ್ದೇನೆ. ರೀಲ್ಸ್‌ಗೆ ಒಳ್ಳೆ ವ್ಯೂಸ್ ಬರುತ್ತದೆ. ಒಂದು ಗಿಟಾರ್ ಕಂಪನಿಯವರು ಎಂಡಾರ್ಸ್‌ಮೆಂಟ್ ಕೊಡ್ತೀವಿ, ಅರ್ಧ ಬೆಲೆಗೆ ಗಿಟಾರ್, ತಿಂಗಳಿಗೆ ನಾಲ್ಕು ರೀಲ್ ಹಾಕಬೇಕು ಅಂತಿದ್ದಾರೆ. ಸಹಿ ಹಾಕಲಾ?

ಮೊದಲು ಖುಷಿಪಡಿ, ನಿಮ್ಮ ಕೈಗೆ ಬೆಲೆ ಬಂದಿದೆ. ಆಮೇಲೆ ಕಾಗದ ಓದಿ. ಪೂರ್ತಿ ಓದಿ.

ಅರ್ಧ ಬೆಲೆಗೆ ಕೊಡುವುದಕ್ಕೆ ಈ ವ್ಯವಹಾರದಲ್ಲಿ ಆರ್ಟಿಸ್ಟ್ ಪ್ರೈಸ್ ಅನ್ನುತ್ತಾರೆ. ಅಂದರೆ ನೀವು ಇನ್ನೂ ಗಿರಾಕಿಯೇ, ರಿಯಾಯಿತಿ ಸಿಕ್ಕಿದ ಗಿರಾಕಿ. ಗಿಟಾರ್ ಪುಕ್ಕಟೆ ಕೊಡುವುದು ಅದರ ಮೇಲಿನ ಮೆಟ್ಟಿಲು. ಸಂಭಾವನೆ ಕೊಡುವುದು ಇನ್ನೂ ಮೇಲೆ. ನಿಮ್ಮ ಹೆಸರಲ್ಲೇ ಮಾಡೆಲ್ ಮಾಡಿ, ಮಾರಿದ ಪ್ರತಿ ಗಿಟಾರ್‌ಗೆ ಇಷ್ಟು ಅಂತ ರಾಯಲ್ಟಿ ಕೊಡುವುದು ತುತ್ತತುದಿ. ಅವರು ಕೊಡುವುದು ಮೊದಲ ಮೆಟ್ಟಿಲಿನದು, ಕೇಳುವುದು ತಿಂಗಳಿಗೆ ನಾಲ್ಕು ವಿಡಿಯೋ. ಈ ಲೆಕ್ಕ ನನಗೆ ಸರಿ ಕಾಣಿಸುತ್ತಿಲ್ಲ. ಒಂದು ರೀಲ್‌ಗೆ ನೀವು ಹಾಕುವ ಶ್ರಮ ಎಷ್ಟು ಅಂತ ನಿಮಗೇ ಗೊತ್ತು. ಎರಡಕ್ಕೆ ಇಳಿಸಿ ಅಂತ ಕೇಳಿ, ಸಂಕೋಚ ಬೇಡ.

ಕಾಗದದಲ್ಲಿ ಬೆರಳಿಟ್ಟು ನೋಡಬೇಕಾದ ಸಾಲು ಯಾವುದು ಅಂದರೆ, ಬೇರೆ ಕಂಪನಿ ಗಿಟಾರ್ ವೇದಿಕೆ ಮೇಲೆ ಹಿಡಿಯಬಾರದು ಅನ್ನುವ ಷರತ್ತು. ದೊಡ್ಡವರ ಒಪ್ಪಂದದಲ್ಲೂ ಇದು ಇರುತ್ತದೆ, ಅವರಿಗೆ ಅದಕ್ಕೆ ತಕ್ಕ ದುಡ್ಡು ಬರುತ್ತದೆ. ನಿಮಗೆ ಅರ್ಧ ಬೆಲೆಗೆ ಸಿಕ್ಕ ಒಂದು ಗಿಟಾರ್‌ಗೋಸ್ಕರ ಮನೆಯಲ್ಲಿರುವ ಉಳಿದ ಗಿಟಾರ್‌ಗಳನ್ನೆಲ್ಲ ಪೆಟ್ಟಿಗೆಯಲ್ಲಿ ಇಡಬೇಕಾ? ಎಲೆಕ್ಟ್ರಿಕ್‌ಗೆ ಮಾತ್ರ ಅನ್ವಯ, ಅಕೌಸ್ಟಿಕ್, ತಂತಿ, ಪೆಡಲ್, ಆಂಪ್ ಇದರಲ್ಲಿ ಸೇರಿಲ್ಲ ಅಂತ ಬರೆಸಿಕೊಳ್ಳಿ. ಅವಧಿ ಒಂದು ವರ್ಷ ಇರಲಿ, ತಾನಾಗಿಯೇ ಮುಂದುವರಿಯುವುದು ಬೇಡ. ಬಿಟ್ಟ ಮೇಲೆ ನಿಮ್ಮ ಹಳೆಯ ವಿಡಿಯೋ, ಫೋಟೋಗಳನ್ನು ಅವರು ಎಲ್ಲಿಯವರೆಗೆ ಬಳಸಬಹುದು ಅನ್ನುವುದೂ ಇರಬೇಕು. ಎಡ್ಡಿ 5150 ಅನ್ನುವ ಹೆಸರನ್ನು ತನ್ನ ಜೊತೆಗೇ ತಗೊಂಡು ಹೋದದ್ದು ಅದು ಅವರದ್ದೇ ಆಗಿತ್ತು ಅನ್ನುವ ಕಾರಣಕ್ಕೆ. ನಿಮ್ಮ ಹೆಸರನ್ನು ನೀವೂ ಹಾಗೇ ಕಾಪಾಡಿಕೊಳ್ಳಿ.

ಇನ್ನೆರಡು ವಿಷಯ ಜನ ಮರೆಯುತ್ತಾರೆ. ಪುಕ್ಕಟೆ ಅಥವಾ ರಿಯಾಯಿತಿಯಲ್ಲಿ ಬಂದ ವಸ್ತುವಿನ ಬಗ್ಗೆ ರೀಲ್ ಹಾಕಿದರೆ ಅದು ಜಾಹೀರಾತು ಅಂತ ನೋಡುವವರಿಗೆ ಕಾಣುವ ಹಾಗೆ ತಿಳಿಸಬೇಕು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇದರ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ನಿಮ್ಮ ಕೇಳುಗರಿಗೆ ಅಷ್ಟು ಪ್ರಾಮಾಣಿಕತೆ ಸಲ್ಲಬೇಕು ಕೂಡ. ಎರಡನೆಯದು ತೆರಿಗೆ. 2022ರ ಜುಲೈಯಿಂದ ಬಂದ ನಿಯಮದ ಪ್ರಕಾರ ಕಂಪನಿ ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ವಸ್ತು ಕೊಟ್ಟು, ಅದನ್ನು ನೀವೇ ಇಟ್ಟುಕೊಂಡರೆ ಶೇಕಡ 10 ಟಿಡಿಎಸ್ ಬರುತ್ತದೆ. ಮುಂದೆ ಪುಕ್ಕಟೆ ಗಿಟಾರ್ ಕೊಡ್ತೀವಿ ಅಂದರೆ ಆ ತೆರಿಗೆ ಯಾರು ಕಟ್ಟುವುದು ಅಂತ ಮೊದಲೇ ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಆ ಗಿಟಾರ್ ನಿಮಗೆ ಇಷ್ಟ ಇದೆಯಾ? ಪೂರ್ತಿ ಬೆಲೆ ಕೊಟ್ಟಾದರೂ ಕೊಳ್ಳುತ್ತಿದ್ದಿರಾ? ಹೌದು ಅನ್ನಿಸಿದರೆ ಮೇಲಿನ ಷರತ್ತುಗಳನ್ನು ಸರಿಮಾಡಿಸಿ ಸಹಿ ಹಾಕಿ. ಇಲ್ಲ ಅನ್ನಿಸಿದರೆ ಬೇಡ. ನಿಮ್ಮ ಮಾತು ನಂಬಿ ನಾಪೋಕ್ಲುವಿನದೇ ಒಬ್ಬ ಹುಡುಗ ಅದನ್ನು ಕೊಳ್ಳುತ್ತಾನೆ, ಅವನ ಮನೆಯವರ ಕಾಫಿ ದುಡ್ಡು ಅದು.

ಪ್ರಶ್ನೆ (ವಿರಾಜಪೇಟೆ): ಎರಿಕ್ ಕ್ಲಾಪ್ಟನ್ ಹೆಸರಿನ ಮಾರ್ಟಿನ್ ಅಕೌಸ್ಟಿಕ್ ಗಿಟಾರ್ ನಮ್ಮ ಬೀಟೆ ಮರದ್ದಂತೆ, ಹೌದೇ? ಹಳೆ ಮನೆ ಬಿಚ್ಚಿದಾಗ ಬೀಟೆ ಹಲಗೆ ಸಿಕ್ಕಿವೆ. ಅದರಲ್ಲಿ ಅಂಥ ಗಿಟಾರ್ ಮಾಡಿಸಬಹುದೇ?

ಹೌದು. ಮಾರ್ಟಿನ್ 000-28ಇಸಿ ಅನ್ನುವ ಮಾಡೆಲ್‌ನ ಹಿಂಭಾಗ, ಪಕ್ಕ ಎರಡೂ ಈಸ್ಟ್ ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಬೀಟೆ. ಮೊದಲು ಮಾರ್ಟಿನ್‌ನವರು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು, 1969ರ ಹೊತ್ತಿಗೆ ಅದು ಸಿಗುವುದು ಕಷ್ಟವಾಗಿ ನಮ್ಮ ಕಡೆಯ ಮರಕ್ಕೆ ಬಂದರು. ಕ್ಲಾಪ್ಟನ್ ಒಬ್ಬರ ವಿಷಯ ಕುತೂಹಲದ್ದು: ಎಲೆಕ್ಟ್ರಿಕ್‌ಗೆ 1988ರಿಂದ ಫೆಂಡರ್ ಸಿಗ್ನೇಚರ್, ಅಕೌಸ್ಟಿಕ್‌ಗೆ ಮಾರ್ಟಿನ್. ಎರಡೂ ಕಂಪನಿಗೆ ಜಗಳ ಇಲ್ಲ.

2017ರ ಜನವರಿಯಲ್ಲಿ ಬೀಟೆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಬಂದವು. ಆಗ ಫೆಂಡರ್ ಕೂಡ ತನ್ನ ಮೆಕ್ಸಿಕೋ ಗಿಟಾರ್‌ಗಳ ಫಿಂಗರ್‌ಬೋರ್ಡಿಗೆ ಪೌ ಫೆರೋ ಅನ್ನುವ ಬೇರೆ ಮರ ಹಾಕಿತು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ನಿಮ್ಮ ಹಲಗೆಗೆ ಬರೋಣ. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಬೀಟೆ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ರಿಡೀಮ್ ಆಗದ (ಮರದ ಹಕ್ಕನ್ನು ಸರ್ಕಾರದಿಂದ ಬಿಡಿಸಿಕೊಳ್ಳದ) ಜಾಗದ ಮರ ಅಂದರೆ ಹಕ್ಕಿನ ಪ್ರಶ್ನೆಯೇ ಬೇರೆ. ಹಳೆ ಮನೆಯದ್ದೇ ಆದರೂ ಬೆಂಗಳೂರಿಗೆ ಕೊಂಡೊಯ್ಯುವ ಮೊದಲು ರೇಂಜ್ ಆಫೀಸಿನಲ್ಲಿ ವಿಚಾರಿಸಿ, ಕಾಗದ ಇಟ್ಟುಕೊಳ್ಳಿ. ಆಮೇಲೆ ಹಲಗೆಯ ಕೊನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ವರ್ಷದ ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಅದು ಗಿಟಾರ್‌ಗೆ ಆಗುತ್ತದೆ, ಮಲಗಿದ್ದರೆ ಸೊಟ್ಟಗಾಗುವ, ಸೀಳುವ ಭಯ ಜಾಸ್ತಿ. ಮೊಳೆ ಹೊಡೆದ ಜಾಗ ಬಿಡಬೇಕು. ಹಿಂಭಾಗಕ್ಕೆ ಎರಡು ತುಂಡು ಪುಸ್ತಕ ಬಿಡಿಸಿದ ಹಾಗೆ ಜೋಡಿಸುತ್ತಾರೆ, ಒಂದೊಂದೂ ಸುಮಾರು 20 ಸೆಂಟಿಮೀಟರ್ ಅಗಲ ಬೇಕು. ದಪ್ಪ ಮಾತ್ರ ಕೊನೆಗೆ ಎರಡೂವರೆ ಮಿಲಿಮೀಟರ್ ಆಸುಪಾಸು, ಆದ್ದರಿಂದ ಒಂದೇ ಒಳ್ಳೆಯ ಹಲಗೆಯಲ್ಲಿ ಒಂದಕ್ಕಿಂತ ಜಾಸ್ತಿ ಗಿಟಾರ್ ಆಗಬಹುದು. ಮಳೆಗಾಲದಲ್ಲಿ ಮಾಡಿಸಬೇಡಿ. ಜೂನ್, ಜುಲೈಯಲ್ಲಿ ನಮ್ಮ ಗಾಳಿಯಲ್ಲಿ ಇಟ್ಟ ಮರ ನೀರು ಕುಡಿದು ಹಿಗ್ಗಿರುತ್ತದೆ, ಆಗ ಅಂಟಿಸಿದ್ದು ಮಾರ್ಚ್‌ನ ಬಿಸಿಲಿಗೆ ಬಿರಿಯುತ್ತದೆ. ಹಲಗೆಯನ್ನು ಈಗಲೇ ಅಟ್ಟದ ಒಣ ಜಾಗದಲ್ಲಿ ರೀಪು ಕೊಟ್ಟು ಅಡ್ಡಕ್ಕೆ ಜೋಡಿಸಿಡಿ, ಜನವರಿ ಕಳೆದ ಮೇಲೆ ಗಿಟಾರ್ ಮಾಡುವವರ ಹತ್ತಿರ ತಗೊಂಡು ಹೋಗಿ.